ಮಗ್ಗದ ಸದ್ದಿನಲ್ಲಿ ನಾನು ಕೇಳಿದೆನೆಂದ ಮಾತು

ತಪ್ಪು ನನ್ನದೇ, ಬರೆದುಬಿಡುತ್ತೇನೆ. ಪಕ್ಕದ ಮನೆಯವನು ದಿನಾ ನನ್ನ ಬಾಗಿಲಿಗೇ ಅಡ್ಡ ಬೈಕು ಹಚ್ಚಿ ನಿಲ್ಲಿಸುತ್ತಿದ್ದ. ಆ ಸಿಟ್ಟು ನನಗಿತ್ತು. ನಮ್ಮ ಬನಹಟ್ಟಿ ಓಣಿಯ ಅಂಗಡಿಕಾರನಿಗೆ ಅವನು ಕೊಲ್ಲುವ ಬೆದರಿಕೆ ಹಾಕಿದನೆಂದು ಕೇಸಾದಾಗ, “ಮಗ್ಗ ನಡೆಸುತ್ತ ನಾನೇ ಕೇಳಿದೆ” ಎಂದು ಪೊಲೀಸರಿಗೆ ಹೇಳಿಕೆ ಕೊಟ್ಟೆ. ಕೇಳಿರಲಿಲ್ಲ.

ಸಾಕ್ಷಿಯ ದಿನ ಜಮಖಂಡಿಗೆ ಹೋದೆ. ಕೋರ್ಟಿನೊಳಗೆ ಕರೆಯುವ ಮೊದಲು ಸರಕಾರಿ ವಕೀಲರು ನನ್ನನ್ನು ತಮ್ಮ ಕಚೇರಿಯಲ್ಲಿ ಕೂರಿಸಿ ಚಹಾ ತರಿಸಿದರು. ಇನ್ನೂ ಚಿಕ್ಕ ವಯಸ್ಸಿನ ಹೆಣ್ಣುಮಗಳು. ನನ್ನ ಹೇಳಿಕೆ ಓದಿ ಕೇಳಿದರು:

“ಅಜ್ಜಾರ, ಆಗ ಮಗ್ಗ ನಿಲ್ಲಿಸಿದ್ರೇನ್ರಿ?”

“ಆವತ್ತ ಮುಂಜಾನಿಂದ ಸಂಜೀತನಕ ನಿಂತೇ ಇಲ್ರಿ!” ಎಂದೆ ಜಂಬದಿಂದ.

“ನಮ್ಮ ಮನ್ಯಾಗೂ ಪವರ್‌ಲೂಮ್ ಅದಾವ್ರಿ. ಮಗ್ಗ ನಡದಾಗ ಬಾಜೂಕ ನಿಂತ ನಮ್ಮವ್ವನ ಮಾತ ನಮ್ಮಪ್ಪಗ ಕೇಳಂಗಿಲ್ಲ. ನಿಮಗ ಓಣ್ಯಾಗಿನ ಮಾತ ಕೇಳಿಸ್ತೇನ್ರಿ?”

ಚಹಾದ ಕಪ್ಪು ಕೆಳಗಿಟ್ಟು ಎಲ್ಲ ಒಪ್ಪಿಕೊಂಡೆ. ಬೈಯುತ್ತಾರೆಂದುಕೊಂಡರೆ ಅವರು ನಕ್ಕರು. “ಯಾರನ್ನರ ಜೇಲಿಗೆ ಹಾಕಸೂದು ನನ್ನ ಕೆಲಸ ಅಲ್ರಿ. ಖರೆ ಏನೈತಿ ಅದನ್ನ ಸಾಹೇಬ್ರ ಮುಂದ ಇಡೂದು. ಇದ್ದದ್ದ ಇದ್ದಂಗ ಹೇಳ್ರಿ.”

ಹಾಗೇ ಹೇಳಿದೆ. ನ್ಯಾಯಾಧೀಶರು ಗದರಿದರು, ತಲೆತಗ್ಗಿಸಿ ನಿಂತೆ. ಅಂಗಡಿಕಾರನ ಕಡೆ ಬೇರೆ ಸಾಕ್ಷಿ ಇರಲಿಲ್ಲ. ಮುಂದೆ ಆ ಕೇಸು ಬಿದ್ದುಹೋಯಿತು.

ನಾನು ಸಾಕ್ಷಿ ಹೇಳಿದ ದಿನವೇ ಸಂಜೆ ಕೋರ್ಟಿನ ಗೇಟಿಗೆ ಪಕ್ಕದ ಮನೆಯವನು ಬೈಕು ತಂದ. “ಹತ್ರಿ ಕಾಕಾ, ಖರೆ ಹೇಳಿ ದಣದೀರಿ.”

ನಾಚಿಕೊಂಡೇ ಹತ್ತಿದೆ. ನಮ್ಮ ಓಣಿಗೆ ಬಂದು ಇಳಿದಾಗ, “ಗಾಡಿ ಎಲ್ಲಿ ಹಚ್ಚಲ್ರಿ?” ಎಂದ.

“ನನ್ನ ಬಾಗಲಿಗೇ ಹಚ್ಚೋ ಮಾರಾಯಾ” ಎಂದೆ.