ಇಳಿ, ಇಳು

ಮೊನ್ನೆ ಮಹಡಿಯ ಕೋಣೆಗೆ ಇಂಟರ್‌ನೆಟ್ ಹಾಕಲು ಬಂದವನು ಹೊಸ ಕೇಬಲ್ ಸುರುಳಿ ಬಿಚ್ಚಿದ. ಬಿಸಿಲು ತಾಗಿದ ಪ್ಲಾಸ್ಟಿಕ್ಕಿನ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಕುರ್ಚಿ ಹುಡುಕಿ ಕೂತೆ. ಎಂಜಿನಿಯರಿಂಗ್ ಓದಿದವನಿಗೆ ಕೇಬಲ್ ವಾಸನೆಯಿಂದ ತಲೆ ಸುತ್ತುತ್ತದೆ ಎಂದರೆ ನಿಮಗೆ ನಗು ಬರಬಹುದು. ಎಷ್ಟೋ ದಿನ ನನಗೂ ಬರುತ್ತದೆ.

ತೊಂಬತ್ತರ ದಶಕದ ಕೊನೆ. ಮದ್ರಾಸಿನ ಪೋರೂರಿನಲ್ಲಿದ್ದ ನಮ್ಮ ಕಚೇರಿಗೆ ಎರಡು ಕಟ್ಟಡ. ಹಿಂದಿನದಕ್ಕೂ ನೆಟ್‌ವರ್ಕ್ ಬೇಕಾಗಿತ್ತು. ಕೆಲಸ ಹಿಡಿದವರು ವಡಪಳನಿಯ ಅಣ್ಣತಮ್ಮಂದಿರು, ಪ್ರಸನ್ನ ಮತ್ತು ಮುರಳಿ. ಅಪ್ಪನ ರೈಲ್ವೆ ಕೆಲಸದಿಂದಾಗಿ ಮದ್ರಾಸಿನಲ್ಲೇ ಬೆಳೆದ ಕನ್ನಡದವರು. ಅಣ್ಣ ಕನ್ನಡದಲ್ಲಿ ಕೇಳಿದರೆ ತಮ್ಮ ತಮಿಳಿನಲ್ಲಿ ಉತ್ತರಿಸುವುದು ಅವರ ರೂಢಿ.

ಗೋಡೆ ಹತ್ತುವ, ಇಳಿಯುವ ಉದ್ದವನ್ನೂ ಸೇರಿಸಿ ಅಳೆದಾಗ ದೂರ ನೂರು ಮೀಟರ್ ದಾಟಿತು. ಅದಕ್ಕಿಂತ ಮುಂದೆ ಸಿಗ್ನಲ್ ಸೊರಗುತ್ತದೆ. ಹಾಗಾಗಿ ನಡುವೆ, ಮುಂದಿನ ಕಟ್ಟಡದ ತಾರಸಿಯಲ್ಲಿ, ಒಂದು ರಿಪೀಟರ್ ಇಡಬೇಕು. ಸೊರಗಿದ್ದನ್ನು ಕೇಳಿಸಿಕೊಂಡು ಮತ್ತೆ ಗಟ್ಟಿಯಾಗಿ ಹೇಳುವ ಪೆಟ್ಟಿಗೆ. "ಎಂಗ ಅಣ್ಣನ್ ಮಾದಿರಿ ಸಾರ್," ಎಂದ ಮುರಳಿ. ನಮ್ಮಣ್ಣನ ಹಾಗೆ, ಹೇಳಿದ್ದೇ ಹೇಳುತ್ತದೆ ಎಂದು ಅವನ ತಮಾಷೆ.

ಆ ಮಧ್ಯಾಹ್ನ ಮುರಳಿ ತಾರಸಿಯ ಮೋಟುಗೋಡೆ ಹತ್ತಿ ನಿಂತು ಕೇಬಲ್ಲನ್ನು ಮೇಲಕ್ಕೆ ಸೆಳೆಯುತ್ತಿದ್ದ. ನನ್ನ ಪಕ್ಕದಲ್ಲಿ, ಕೆಳಗೆ ನಿಂತ ಪ್ರಸನ್ನ "ಇಳು, ಇಳು" ಎನ್ನುತ್ತಿದ್ದರು. ಎಳೆ ಎನ್ನುವುದಕ್ಕೆ ತಮಿಳಿನ ಮಾತು ಅದು. ಕೆಲಸದ ಹೊತ್ತಿನಲ್ಲಿ ಅವರೂ ತಮಿಳೇ. ಗಾಳಿ ಬೀಸಿತು. ಜೋಲುತ್ತಿದ್ದ ಕೇಬಲ್ ಕಟ್ಟಡಗಳ ನಡುವಿನ ಕರೆಂಟ್ ತಂತಿಯ ಕಡೆಗೆ ವಾಲಿತು. ಗಾಬರಿಯಲ್ಲಿ ಪ್ರಸನ್ನ ಮನೆಯ ಭಾಷೆಗೆ ಬಂದುಬಿಟ್ಟರು.

"ಇಳಿ ಮುರಳಿ, ಇಳಿ."

ಕೆಳಗಿಳಿ ಎಂದದ್ದು ಅವನಿಗೆ ಎಳೆ ಎಂದು ಕೇಳಿಸಿತು. ಮೈಯ ಬಲವನ್ನೆಲ್ಲ ಹಾಕಿ ಎಳೆದ. ಕೇಬಲ್ ಬಿಗಿದು ತಂತಿಗೆ ತಾಗಿತು. ಒಂದು ನೀಲಿ ಬೆಳಕು, ಸುಟ್ಟ ವಾಸನೆ. ಮೋಟುಗೋಡೆಯ ಮೇಲೆ ಯಾರೂ ಇರಲಿಲ್ಲ.

ಮೆಟ್ಟಿಲು ಹತ್ತುವಾಗ ಅವನು ಬದುಕಿದ್ದಾನೋ ಇಲ್ಲವೋ ನಮಗೆ ಗೊತ್ತಿರಲಿಲ್ಲ. ಬಿದ್ದದ್ದು ತಾರಸಿಯ ಒಳಕ್ಕೆ. ಅಂಗೈ ಕರಿದಾಗಿತ್ತು, ಕಣ್ಣು ತೆರೆದಿತ್ತು. ಪ್ರಸನ್ನ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡರು.

"ಎಳಿ ಅಂದ್ಯಲ್ಲಣ್ಣ, ಎಳ್ದೆ," ಎಂದ ಮುರಳಿ.

ಅವನ ಬಾಯಲ್ಲಿ ನಾನು ಕನ್ನಡ ಕೇಳಿದ್ದು ಅದೇ ಮೊದಲು.

ಅವನ ಕೈ ವಾಸಿಯಾಯಿತು. ನಾನು ಮಾತ್ರ ಇಂದಿಗೂ ಆ ಎರಡಕ್ಷರವನ್ನು ಮತ್ತೆ ಮತ್ತೆ ಕೇಳಿಸಿಕೊಳ್ಳುತ್ತಿರುತ್ತೇನೆ.

ಮೊನ್ನೆ ಬಂದವನು ಬಾಲ್ಕನಿಯ ಕಂಬಿಯ ಮೇಲೆ ಕಾಲಿಟ್ಟ. ಬಾಯಿಗೆ ಬಂದ ಆ ಎರಡಕ್ಷರವನ್ನು ನುಂಗಿಕೊಂಡು ಎದ್ದು ಹೋಗಿ, ಎರಡೂ ಕೈಯಿಂದ ಅವನ ಸೊಂಟ ಹಿಡಿದೆ.

"ಎನ್ನ ಸಾರ್?" ಎಂದು ತಮಿಳಿನಲ್ಲಿ ಕೇಳಿದ.

ಅವನ ಪಾದಗಳೆರಡೂ ನೆಲಕ್ಕೆ ಬರುವವರೆಗೆ ನಾನು ಬಿಡಲಿಲ್ಲ.