ಎರಡು ಬಾಟಲಿಗಳ ಚೀಟಿ

ರುಖ್ಸಾನಾ, ಆ ಎರಡು ಬಾಟಲಿಗಳ ಚೀಟಿ ಬದಲಿಸಿದವಳು ನಾನು. ನೀನಲ್ಲ. ಎರಡು ವರ್ಷ ಬಾಯಿ ಮುಚ್ಚಿಕೊಂಡು ಕೂತಿದ್ದೆ.

ನೀನು ಮತ್ತು ನನ್ನ ಮೊಮ್ಮಗಳು ಸವಿತಾ ಕಾಲೇಜಿನ ಸಂಶೋಧನೆಗೆಂದು ನಮ್ಮ ಅಕ್ಕೋಳದ ಮನೆಗೆ ಬಂದಿದ್ದಿರಿ. ಒಂದು ಬಾಟಲಿಯಲ್ಲಿ ನೀನು ತಂದ ಕುಡಚಿಯ ಹೊಳೆಯ ನೀರು, ಇನ್ನೊಂದರಲ್ಲಿ ನಮ್ಮ ಬಾವಿಯದು. ಎರಡರಲ್ಲೂ ಕಣ್ಣಿಗೆ ಕಾಣದ ಜೀವ ಇದೆ ಎಂದಿರಿ. ನಾನು ನೋಡಿದರೆ — ನೀರು, ಅಷ್ಟೇ.

ಸವಿತಾ ತಿಳಿಸಿ ಹೇಳಿದಳು. ಜೀವದ ಒಳಗೆ ಉದ್ದನೆಯ ಎಳೆ ಇರುತ್ತದಂತೆ, ಹಿಸ್ಟೋನ್ ಎಂಬ ಸಣ್ಣ ಉಂಡೆಗಳಿಗೆ ಸುತ್ತಿರುತ್ತದಂತೆ. ಉಂಡೆಯ ಮೇಲೆ ಗುರುತುಗಳು — ಇಲ್ಲಿ ಬಿಚ್ಚು, ಇಲ್ಲಿ ಬಿಚ್ಚಬೇಡ. ಉಂಡೆ ಮನುಷ್ಯನಲ್ಲೂ ಕಬ್ಬಿನಲ್ಲೂ ಪಾಚಿಯಲ್ಲೂ ಹೆಚ್ಚುಕಡಿಮೆ ಒಂದೇ. ಗುರುತುಗಳಲ್ಲಿ ಕೆಲವು ಎಲ್ಲರಿಗೂ ಸೇರಿದವು, ಕೆಲವು ಒಂದೊಂದು ಕುಲದವು. ಯಾವುದು ಹಳೆಯದು, ಯಾವುದು ಆಮೇಲೆ ಹುಟ್ಟಿದ್ದು ಎಂದು ನೀವು ಹುಡುಕುತ್ತಿದ್ದಿರಿ.

"ನನಗೂ ಪಾಚಿಗೂ ಒಂದ ಉಂಡಿ ಏನಬೇ? ಯಾರ ಹೇಳಿದ್ರ ನಿನಗ?" ಎಂದೆ. ನೀನು ನಕ್ಕೆ. ಆ ನಗು ನನಗೆ ಸರಿ ಬರಲಿಲ್ಲ.

ಚೀಟಿ ಬರೆದವಳು ನೀನು. ಮೇಲೆ ಇಂಗ್ಲಿಷಿನಲ್ಲಿ ಏನೋ, ಕೆಳಗೆ ಕನ್ನಡದಲ್ಲಿ ಹೆಸರು. ನಾನು ಶಾಲೆಯಲ್ಲಿ ಎರಡನೇ ಇಯತ್ತೆಯ ತನಕ ಕಲಿತವಳು, ಕನ್ನಡದ ಹೆಸರು ಓದಬಲ್ಲೆ. ಬಾವಿಗಿಳಿದು ಮೊಣಕಾಲು ತರಚಿಕೊಂಡವಳು ಸವಿತಾ — ಬಾಟಲಿಯ ಮೇಲೆ ನಿನ್ನ ಹೆಸರು. ನಿಪ್ಪಾಣಿಯಲ್ಲಿ ಮೂವತ್ತು ವರ್ಷ ಬೀಡಿ ಕಟ್ಟಿದವಳು ನಾನು. ಅಲ್ಲಿ ತಟ್ಟೆಯ ಮೇಲಿನ ಚೀಟಿ ಯಾರದೋ ಬೀಡಿಯೂ ಅವರದು, ಕೂಲಿಯೂ ಅವರದು. ನನ್ನ ತಟ್ಟೆಗೆ ಮೇಸ್ತ್ರಿ ತನ್ನ ನಾದಿನಿಯ ಚೀಟಿ ಹಾಕಿದ್ದನ್ನು ಕಂಡವಳು. ಇವಳೂ ಅದನ್ನೇ ಮಾಡುತ್ತಿದ್ದಾಳೆ ಎಂದುಕೊಂಡೆ. ಮತ್ತೆ — ನೀನು ಬೇರೆ ಜಾತಿಯವಳು ಎಂಬುದೂ ತಲೆಯಲ್ಲಿತ್ತು. ಅದನ್ನು ಮುಚ್ಚಿಡುವುದಿಲ್ಲ. ನೀವು ಊಟಕ್ಕೆ ಕೂತಾಗ ಚೀಟಿ ಕಿತ್ತು ಅದಲುಬದಲು ಅಂಟಿಸಿದೆ.

ಇಂಗ್ಲಿಷಿನಲ್ಲಿದ್ದದ್ದು ಎಲ್ಲಿಯ ನೀರು ಎಂಬುದು; ಒಬ್ಬಳು ತಂದದ್ದನ್ನು ಇನ್ನೊಬ್ಬಳು ಪರೀಕ್ಷಿಸಬೇಕು, ಅದಕ್ಕೇ ಕೆಳಗೆ ಪರೀಕ್ಷಿಸುವವಳ ಹೆಸರು ಎಂಬುದು ಆಮೇಲೆ ತಿಳಿಯಿತು.

ಬಾವಿಯ ಜೀವದಲ್ಲಿ ಇರಬಾರದ ಗುರುತು ಕಂಡಿತಂತೆ. ಹೊಸದಾಗಿ ಬಾವಿ ನೀರು ತರಿಸಿ ನೋಡಿದರೆ ಅದಿಲ್ಲ. ಚೀಟಿ ತಪ್ಪಿದೆ ಎಂದಾಯಿತು. ಬರೆದವಳು ನೀನಲ್ಲವೇ — ಸಂಶೋಧನೆ ನಡೆಸುವ ನಿಮ್ಮ ಸರ್ ನಿನ್ನನ್ನು ಆ ಕೆಲಸದಿಂದ ತೆಗೆದರು.

"ರುಖ್ಸಾನಾ ಹಿಂಗ ಮಾಡ್ತಾಳಂತ ಅನ್ಕೊಂಡಿರ್ಲಿಲ್ಲ ಆಯಿ," ಎಂದಳು ಸವಿತಾ.

ಆಗಲಾದರೂ ಹೇಳಬೇಕಿತ್ತು. ನಾನು ಹೇಳಿದ್ದೇನು ಗೊತ್ತೇ?

"ನಾ ಮದ್ಲ ಹೇಳಿರ್ಲಿಲ್ಲೇನ ನಿನಗ?"

ಕ್ಷಮಿಸು ಎಂದು ಕೇಳುವುದಿಲ್ಲ. ನಿನ್ನೆ ಸವಿತಾಳಿಗೆ ಎಲ್ಲ ಹೇಳಿದೆ. ಆಗಿನಿಂದ ಅವಳು ನನ್ನ ಕೈಯ ಚಹಾ ಮುಟ್ಟಿಲ್ಲ. ಸೋಮವಾರ ಮೊದಲ ಬಸ್ಸಿಗೆ ಹೋಗಿ ನಿಮ್ಮ ಸರ್ ಎದುರು ಇದನ್ನೇ ಹೇಳುತ್ತೇನೆ. ಅವರು ನಂಬಲಿಕ್ಕಿಲ್ಲ — ಯಾರೋ ಈ ಮುದುಕಿಗೆ ಕಲಿಸಿ ಕಳಿಸಿದ್ದಾರೆ ಎನ್ನಬಹುದು. ಅವರ ಜಾಗದಲ್ಲಿದ್ದರೆ ನಾನೂ ಹಾಗೇ ಅನ್ನುತ್ತಿದ್ದೆ. ನಂಬುವ ತನಕ ಅಲ್ಲೇ ಕೂರುತ್ತೇನೆ.