ಹುಳಿ ಬಂದ ಕ್ರೀಮು

ಕೇಕ್ ಅಲಂಕಾರ ಕಲಿಸುವಾಗ ನಾನು ಮೊದಲು ಹೇಳುವ ನಿಯಮ ಒಂದೇ: ಹುಳಿ ವಾಸನೆ ಬಂದ ಕ್ರೀಮನ್ನು ಚೆಲ್ಲಬೇಕು. ರಿಪ್ಪನ್‌ಪೇಟೆಯ ಮಹಿಳಾ ಸಂಘದಲ್ಲಿ ಎಲ್ಲರೂ ತಲೆಯಾಡಿಸಿದರು. ಮರುದಿನವೇ ಅದನ್ನು ಮುರಿದರು.

ರಾತ್ರಿಯಿಡೀ ಕರೆಂಟ್ ಇರಲಿಲ್ಲ. ಬೆಳಿಗ್ಗೆ ಫ್ರಿಜ್ ತೆರೆದರೆ ಕ್ರೀಮು ಒಡೆದು ನೀರಾಗಿ, ಹುಳಿ ನಾರುತ್ತಿತ್ತು. ಅಂದಿನ ಕೇಕುಗಳು ಅಂಗನವಾಡಿ ಮಕ್ಕಳಿಗೆ ಹೋಗಬೇಕಿತ್ತು.

“ಇದನ್ನು ಚೆಲ್ಲಿ. ಬರೀ ಕೇಕ್ ಕೊಡೋಣ” ಎಂದೆ.

ಸಂಘದ ಅಧ್ಯಕ್ಷೆ ಶಾರದಮ್ಮ ನಕ್ಕರು. “ಹುಳಿ ಬಂದ ಹಿಟ್ಟಲ್ಲೇ ಸಾರ್, ದೋಸೆ ಚೆನ್ನಾಗಾಗೋದು. ಎಸೆನ್ಸ್ ಸ್ವಲ್ಪ ಜಾಸ್ತಿ ಹಾಕಿದ್ರಾಯ್ತು. ಫೋಟೊ ತೆಗೆಯೋರು ಬರ್ತಾರೆ, ಬೋಳು ಕೇಕ್ ಇಡಕ್ಕಾಗುತ್ತಾ?”

“ಹಿಟ್ಟು ಬೇಯುತ್ತೆ ಮೇಡಂ, ಇದು ಬೇಯಲ್ಲ. ಮಕ್ಕಳಿಗೆ ವಾಂತಿಭೇದಿ ಆಗುತ್ತೆ.”

“ನಮ್ಮೂರ ಮಕ್ಕಳು ಗಟ್ಟಿ, ಬಿಡಿ.”

ಯಾರೂ ನನ್ನ ಮುಖ ನೋಡಲಿಲ್ಲ. ಕ್ರೀಮಿನ ಚೀಲ ಹಿಂಡಿ ಕೇಕುಗಳ ಮೇಲೆ ಗುಲಾಬಿ ಬಿಡಿಸತೊಡಗಿದರು. ಹಿಂದಿನ ದಿನಕ್ಕಿಂತ ಚೆನ್ನಾಗಿಯೇ ಬಿಡಿಸಿದರು, ಅದೇ ಸಂಕಟ.

ಕೊನೆಯ ಮೇಜಿನ ಗಿರಿಜಾ ಮಾತ್ರ ಕೈಕಟ್ಟಿ ನಿಂತಿದ್ದಳು. ಚೆನ್ನಾಗಿ ಕಲಿತ ಒಬ್ಬರಿಗೆ ಸಂಘ ಓವನ್ ಕೊಡುವುದಿತ್ತು. ಅದನ್ನು ನಂಬಿ ಅವಳು ಬೀಡಿ ಕಟ್ಟುವ ಕೆಲಸ ಬಿಟ್ಟು ಬಂದಿದ್ದಳು.

“ಹಚ್ಚೇ ಗಿರಿಜಾ. ಇಲ್ದಿದ್ರೆ ಓವನ್ ಬೇರೆಯೋರಿಗೆ ಹೋಗುತ್ತೆ ನೋಡು” ಎಂದರು ಶಾರದಮ್ಮ.

“ಹೋಗ್ಲಿ ಅಕ್ಕ.”

ಅವಳು ಎಲ್ಲರ ಮೇಜಿನ ತಟ್ಟೆಗಳನ್ನೂ ಒಂದೊಂದಾಗಿ ಎತ್ತಿಕೊಂಡು ಹೋಗಿ ಕೇಕುಗಳನ್ನು ಹಿತ್ತಲಿನ ಗೊಬ್ಬರದ ಗುಂಡಿಗೆ ಸುರಿದಳು. ತಟ್ಟೆಗಳು ಸಂಘದವು. ಅವನ್ನು ತೊಳೆದು, ಒರೆಸಿ, ಶಾರದಮ್ಮನ ಮುಂದೆ ಜೋಡಿಸಿಟ್ಟು ಹೊರಟಳು.